ಅರಮನೆಯ ಕೆಳಗಿನ ತೋಟ

ಬಸ್ರಾ
೧೮ ಮಾರ್ಚ್ ೨೦೧೯

ನನ್ನ ಕಣ್ಣಿನಂಥ ನೂರಿಯಾಳಿಗೆ,

ನಿನ್ನ ಅಕ್ಕ ಸಬ್ರಿಯಾ ಬರೆಯುತ್ತಿರುವುದು. ನಾನು ಬದುಕಿದ್ದೇನೆ, ಮಂಡಿ ಮಾತ್ರ ಸತ್ತಿದೆ. ನೀನು ಕಳಿಸಿದ ಉಣ್ಣೆಯ ಕಾಲುಚೀಲ ಇಲ್ಲಿನ ಚಳಿ ಮುಗಿದ ಮೇಲೆ ಬಂದು ಮುಟ್ಟಿತು. ಆದರೂ ಮಲಗುವಾಗ ಹಾಕಿಕೊಳ್ಳುತ್ತೇನೆ. ಬೆವರುತ್ತೇನೆ, ನಿನ್ನನ್ನು ಬೈದುಕೊಳ್ಳುತ್ತೇನೆ, ಆದರೆ ತೆಗೆಯುವುದಿಲ್ಲ. ನಿನ್ನ ಗಂಡನ ಸಕ್ಕರೆ ಹೇಗಿದೆ? ಆ ಸ್ವೀಡನ್ನಿನ ಡಾಕ್ಟರು ಖರ್ಜೂರ ತಿನ್ನಬೇಡಿ ಅಂದಿದ್ದಾನೆ ಅಂತ ಬರೆದಿದ್ದೆ. ಅವನು ಜನ್ಮದಲ್ಲಿ ಖರ್ಜೂರ ಕಂಡಿದ್ದಾನಾ ಅಂತ ಮೊದಲು ಕೇಳು.

ನಿನ್ನ ಕಾಗದ ಬಂದದ್ದು ಹೋದ ರಂಜಾನಿನಲ್ಲಿ. ಉತ್ತರ ಬರೆಯದ್ದಕ್ಕೆ ಮುನಿಸು ಬೇಡ. ಬೇಸಿಗೆಯಲ್ಲಿ ನಲ್ಲಿಯ ನೀರು ಉಪ್ಪಾಯಿತು, ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆಯ ಅಂಗಳದಲ್ಲಿ ಬಿದ್ದಿತ್ತು. ಅದೊಂದು ಕಾರಣ. ಇನ್ನೊಂದು ಕಾರಣ ನೀನೇ. ಮಾಲ್ಮೊದಲ್ಲಿ ಕೂತು, ‘ಅಕ್ಕ, ಅಧ್ಯಕ್ಷರ ಅರಮನೆಯನ್ನು ಮ್ಯೂಸಿಯಂ ಮಾಡಿದ್ದಾರಂತೆ, ಫೋನಿನಲ್ಲಿ ಚಿತ್ರ ನೋಡಿದೆ, ನಮ್ಮ ತೋಟದ ಜಾಗ ಎಷ್ಟು ಚೆನ್ನಾಗಿದೆ, ನೀನೂ ಹೋಗಿ ನೋಡಿ ಬರೆ’ ಅಂತ ಬರೆದೆ. ಅದನ್ನು ಓದಿ ನನಗೆ ಎಷ್ಟು ಉರಿಯಿತು ಅಂದರೆ, ಕಾಗದವನ್ನು ಮಡಿಸಿ ಅಕ್ಕಿ ಡಬ್ಬದ ಅಡಿಗೆ ತಳ್ಳಿದೆ. ಆ ಮನುಷ್ಯನ ಮನೆಗೆ ನಾನು ಕಾಲಿಡುವುದಿಲ್ಲ ಅಂತ ನಿನಗೆ ಎಷ್ಟು ಸಲ ಹೇಳಿದ್ದೇನೆ? ಅವನ ಹೆಸರು ಹೇಳುವುದನ್ನು ನಾವು ಆಗಲೇ ಬಿಟ್ಟವರು. ಈಗ ಹೇಳಿದರೆ ಯಾರೂ ಹಿಡಿದುಕೊಂಡು ಹೋಗುವುದಿಲ್ಲ, ಆದರೂ ನಾಲಿಗೆ ಹೊರಳುವುದಿಲ್ಲ.

ಫೋನು ಮಾಡಬಹುದಿತ್ತು. ನಿನ್ನ ಕಿವಿಗೆ ಕೇಳುವಂತೆ ನಾನು ಕೂಗಬೇಕು, ನನ್ನ ಮಗಳು ಇನ್‌ಆಮ್ ಅದನ್ನು ಜೋರಾಗಿ ಕೇಳುವಂತೆ ಒತ್ತಿ ನಡುಮನೆಯಲ್ಲಿ ಇಡುತ್ತಾಳೆ. ಆಮೇಲೆ ನೀನು ಮಾಲ್ಮೊದಲ್ಲಿ ಕೆಮ್ಮಿದರೆ ಇಲ್ಲಿ ಪಕ್ಕದ ಮನೆಯವರು ಕಷಾಯ ಹೇಳುತ್ತಾರೆ. ಇವತ್ತಿನ ಮಾತು ಎಲ್ಲರ ಕಿವಿಗೂ ಬೀಳುವಂಥದ್ದಲ್ಲ. ಪಕ್ಕದ ಮನೆಯ ಉಮ್ ಫಲಾಹ್‌ಳ ಮಗ ಶುಕ್ರವಾರ ನಿಮ್ಮೂರಿಗೆ ವಾಪಸು ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ನನ್ನನ್ನು ನಾಲ್ಕನೇ ತರಗತಿಗೆ ಶಾಲೆ ಬಿಡಿಸಿ ಖರ್ಜೂರ ತುಂಬುವ ಚಪ್ಪರದಲ್ಲಿ ಕೂರಿಸಿದವನು ಅಪ್ಪ. ಅಕ್ಷರ ಸೊಟ್ಟಗಿದ್ದರೆ ಅವನನ್ನು ಕೇಳು.

ಮೊದಲು ಒಳ್ಳೆಯ ಸುದ್ದಿ. ಇನ್‌ಆಮಳ ಮಗ ಲೈಥ್‌ಗೆ ಗಂಡುಮಗು. ಅಂದರೆ ನಾನು ಮುತ್ತಜ್ಜಿ. ಮಗು ಕೆಂಪಗೆ, ಕೋಪದಲ್ಲಿದೆ, ಎಲ್ಲರೂ ಬೀಬಿಯನ್ನೇ, ಅಂದರೆ ನನ್ನನ್ನೇ, ಹೋಲುತ್ತದೆ ಅನ್ನುತ್ತಾರೆ. ನನ್ನ ಮಗ ಜವಾದನ ಹೆಸರನ್ನೇ ಇಡೋಣ ಅಂದರು. ಬೇಡ ಅಂದೆ. ಹೆಸರಿನ ಒಡೆಯ ಇನ್ನೂ ಇದ್ದಾನೆ, ಬಂದು ನನ್ನ ಹೆಸರು ಯಾಕೆ ಕೊಟ್ಟಿರಿ ಅಂತ ಕೇಳಿದರೆ ಯಾರು ಉತ್ತರ ಹೇಳುತ್ತೀರಿ ಅಂದೆ. ಯಹ್ಯಾ ಅಂತ ಇಟ್ಟರು. ಚೆನ್ನಾಗಿದೆ.

ಜಗಳ ಹೆಸರಿಗಲ್ಲ, ಹೊಕ್ಕುಳಕ್ಕೆ. ಮಗುವಿನ ಹೊಕ್ಕುಳಬಳ್ಳಿ ಒಣಗಿ ಬಿತ್ತು. ಅದನ್ನು ಎಲ್ಲಿ ಹೂಳುವುದು? ನಿಮ್ಮ ಕಡೆ ಆಸ್ಪತ್ರೆಯವರೇ ಎಸೆಯುತ್ತಾರೇನೋ. ಇಲ್ಲಿ ನಾವು ಇನ್ನೂ ಹಳೆಯ ಜನ. ಅದು ಎಲ್ಲಿ ಮಣ್ಣಿಗೆ ಸೇರುತ್ತದೋ ಆ ಜಾಗ ಮಗುವನ್ನು ಬದುಕಿಡೀ ತನ್ನ ಕಡೆ ಎಳೆಯುತ್ತದೆ ಅಂತ ನಮ್ಮಮ್ಮ ನಂಬಿದ್ದಳು, ನಾನೂ ನಂಬಿದ್ದೇನೆ. ನಗುವವರು ನಗಲಿ.

ಲೈಥ್‌ನ ಹೆಂಡತಿ ಶಹದ್, ಅವಳ ತಾಯಿ ಇಖ್ಲಾಸ್. ಭೂಗೋಳದ ಟೀಚರಾಗಿ ನಿವೃತ್ತಳಾದವಳು, ಬಾಯಿ ಮಾತ್ರ ನಿವೃತ್ತವಾಗಿಲ್ಲ. ಶಾಲೆಯ ಅಂಗಳದಲ್ಲಿ ಹೂಳೋಣ ಅಂತ ಇನ್‌ಆಮ್ ಅಂದಳು. ಇಖ್ಲಾಸ್ ಮೂಗು ಮುರಿದು, ಮೇಷ್ಟ್ರ ಸಂಬಳ ಎಷ್ಟು ಅಂತ ನನ್ನ ಕೇಳಿ ಅಂದಳು. ಮಸೀದಿ ಅಂದದ್ದಕ್ಕೆ ಲೈಥ್, ಈ ಮನೆಯಲ್ಲಿ ಉಪದೇಶಕ್ಕೆ ಬೀಬಿ ಒಬ್ಬರೇ ಸಾಕು ಅಂದ. ಎಣ್ಣೆ ಕಂಪನಿಯ ಗೇಟಿನ ಹತ್ತಿರ ಹೂತರೆ ಇಂಜಿನಿಯರಾಗುತ್ತಾನೆ ಅಂತ ಶಹದ್ ಮಂಚದಿಂದಲೇ ಕೂಗಿದಳು. ಅಲ್ಲಿ ಯಾವಳಾದರೂ ಮುದುಕಿ ಕೂತು ಮಣ್ಣು ಅಗೆದರೆ ಬಾಂಬ್ ಇಡುತ್ತಿದ್ದಾಳೆ ಅಂತ ಕಾವಲಿನವರು ಗುಂಡು ಹೊಡೆಯುತ್ತಾರೆ ಅಂದೆ. ಆಗ ಇಖ್ಲಾಸ್, ಏನೋ ಹೊಳೆದವಳಂತೆ, ಮ್ಯೂಸಿಯಂ ತೋಟ ಅಂದಳು. ಅರಮನೆಯೂ ಹೌದು, ವಿದ್ಯೆಯ ಜಾಗವೂ ಹೌದು, ನದಿಯ ದಂಡೆಯೂ ಹೌದು, ಹುಡುಗ ದೊಡ್ಡ ಮನುಷ್ಯನಾಗದೆ ಎಲ್ಲಿ ಹೋಗುತ್ತಾನೆ ಅಂದಳು.

ನಾನು ಚಹಾದ ಲೋಟವನ್ನು ಕುಕ್ಕಿದೆ.

ನಿನಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಬರೆಯುತ್ತೇನೆ, ಬರೆದರೆ ತಲೆ ಸ್ವಲ್ಪ ನೆಟ್ಟಗಾಗುತ್ತದೆ. ಅರಮನೆಯ ಗೋಡೆ ಬರುವ ಮೊದಲು ಅದು ನಮ್ಮ ಅಪ್ಪನ ಖರ್ಜೂರದ ತೋಟ. ನಾನು ಜವಾದನನ್ನು ಹೆತ್ತದ್ದು ಆ ತೋಟದ ಮನೆಯಲ್ಲಿ. ಬಾಣಂತಿ ನಲವತ್ತು ದಿನ ಹೊಸ್ತಿಲು ದಾಟುವ ಹಾಗಿಲ್ಲ. ಅಮ್ಮನಿಗೆ ಸೊಂಟ ಹಿಡಿದಿತ್ತು. ಅದಕ್ಕೆ ಅವಳು ಹೊಕ್ಕುಳವನ್ನು ಬಟ್ಟೆಯಲ್ಲಿ ಕಟ್ಟಿ ನಿನ್ನ ಕೈಗೆ ಕೊಟ್ಟಳು. ಕಾಲುವೆ ತಿರುಗುವ ಕಡೆ ಬಾಗಿದ ಖರ್ಜೂರದ ಮರ ಇತ್ತಲ್ಲ, ಅದರ ಬುಡದಲ್ಲಿ ಹೂತು ಬಾ ಅಂದಳು. ನಿನಗೆ ಆಗ ಹನ್ನೊಂದು. ನೀನು ಹೋದೆ, ಬಂದೆ, ಕೈಗೆ ಮಣ್ಣು ಮೆತ್ತಿತ್ತು. ನನಗೆ ನೆನಪಿದೆ.

ಹತ್ತೊಂಬತ್ತನೇ ವಯಸ್ಸಿಗೆ ಜವಾದ್ ಹೋದ. ತೊಂಬತ್ತೊಂದರಲ್ಲಿ ಯುದ್ಧ ಮುಗಿದು ಊರಲ್ಲಿ ಗಲಾಟೆ ಎದ್ದ ಆ ವಸಂತದಲ್ಲಿ ರೊಟ್ಟಿ ತರುತ್ತೇನೆ ಅಂತ ಹೋದವನು. ಅವನನ್ನು ಲಾರಿಗೆ ಹತ್ತಿಸಿದ್ದನ್ನು ಬೇಕರಿಯವನು ನೋಡಿದ. ಅಲ್ಲಿಂದಾಚೆ ಯಾರೂ ನೋಡಲಿಲ್ಲ. ಅದಾದ ಮೇಲೆ ತೋಟವನ್ನು ತೆಗೆದುಕೊಂಡರು, ಮರ ಕಡಿದರು, ಗೋಡೆ ಎಬ್ಬಿಸಿದರು, ಅರಮನೆ ಬಂತು. ಅಪ್ಪ ಆ ವರ್ಷವೇ ಹೋದ. ಆಮೇಲೆ ಆ ಮನುಷ್ಯನೂ ಹೋದ. ಪರದೇಶದ ಸೈನಿಕರು ಬಂದು ಅದೇ ಗೋಡೆಯ ಒಳಗೆ ಕೂತರು, ಗೋಡೆಯ ಮೇಲೆ ಇನ್ನೊಂದು ಗೋಡೆ ಪೇರಿಸಿದರು. ಅವರೂ ಹೋದರು. ಈಗ ಮ್ಯೂಸಿಯಂ.

ಇಷ್ಟೆಲ್ಲ ಗೊತ್ತಿದ್ದೂ ಇನ್‌ಆಮ್ ನನ್ನ ಪಕ್ಕ ಬಂದು ಕೂತಳು. ಕೈ ಹಿಡಿದು, ‘ಅಮ್ಮ, ಅಣ್ಣಂದು ಅಲ್ಲೇ ಇದೆಯಲ್ಲ. ಇದೂ ಅದರ ಪಕ್ಕದಲ್ಲಿರಲಿ. ಅವನಿಗೂ ಒಂದು ಜೊತೆ’ ಅಂದಳು.

ಬೇರೆ ಏನು ಅಂದಿದ್ದರೂ ನಾನು ಬಾಯಿ ಮುಚ್ಚಿಸುತ್ತಿದ್ದೆ. ಇದಕ್ಕೆ ಒಪ್ಪಿಕೊಂಡೆ. ಮನೆಯ ಹಿರಿಯ ಹೆಂಗಸೇ ಹೂಳಬೇಕು, ಬೇರೆಯವರು ಹೂತರೆ ಫಲ ಇಲ್ಲ ಅಂತ ಇಖ್ಲಾಸ್ ಬೇರೆ ಕಾನೂನು ತೆಗೆದಳು. ಹಾಗಾಗಿ ಹೋದ ಗುರುವಾರ ನಾನು ಕಪ್ಪು ಅಬಾಯಾ ತೊಟ್ಟು, ಯಹ್ಯಾನ ಹೊಕ್ಕುಳವನ್ನು ಕರವಸ್ತ್ರದಲ್ಲಿ ಕಟ್ಟಿ ಕೈಚೀಲದಲ್ಲಿ ಇಟ್ಟುಕೊಂಡು, ಲೈಥ್‌ನ ಕಾರಿನಲ್ಲಿ ಮುಂದೆ ಕೂತು ಹೊರಟೆ. ಹಿಂದೆ ಇನ್‌ಆಮ್ ಮತ್ತು ಇಖ್ಲಾಸ್. ಶಹದ್ ಬಾಣಂತಿ, ಮನೆಯಲ್ಲಿ. ದಾರಿಯುದ್ದಕ್ಕೂ ನನ್ನ ಮನಸ್ಸಿನಲ್ಲಿ ಒಂದೇ ಯೋಚನೆ. ಒಳಗೆ ಹೋಗುತ್ತೇನೆ, ಅವನ ಅಮೃತಶಿಲೆಯ ನೆಲದ ಮೇಲೆ ಉಗುಳುತ್ತೇನೆ, ಹೊಕ್ಕುಳ ಹೂಳುತ್ತೇನೆ, ಬರುತ್ತೇನೆ.

ಗೇಟಿನಲ್ಲಿ ಹೆಂಗಸರನ್ನು ತಪಾಸಣೆ ಮಾಡಲು ಒಬ್ಬ ಹುಡುಗಿ ಇದ್ದಳು. ನನ್ನ ಚೀಲದಲ್ಲಿ ಕೈಹಾಕಿ ಕರವಸ್ತ್ರದ ಗಂಟು ಬಿಚ್ಚಿದಳು. ಒಣಗಿದ ಖರ್ಜೂರದ ತೊಟ್ಟಿನಂತಿದ್ದ ಅದನ್ನು ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಗಂಟು ಹಾಕಿ ಚೀಲದೊಳಗೆ ಇಟ್ಟಳು. ಕಿವಿಯ ಹತ್ತಿರ ಬಾಗಿ, ‘ಖಾಲಾ, ಗುಲಾಬಿ ಮಡಿಯಲ್ಲಿ ಬೇಡ. ಅಲ್ಲಿ ದಿನಾ ಅಗೀತಾರೆ. ಗಂಡೋ ಹೆಣ್ಣೋ?’ ಅಂದಳು.

ಗಂಡು ಅಂದೆ.

‘ದೇವರು ಕಾಪಾಡಲಿ. ನನ್ನ ತಂಗಿ ಮಗಳದ್ದೂ ಇಲ್ಲೇ ಇದೆ’ ಅಂದಳು.

ನೋಡು, ಅಲ್ಲಿಂದಲೇ ನನ್ನ ಲೆಕ್ಕ ತಪ್ಪಲು ಶುರುವಾಯಿತು. ಆ ಗೇಟಿನಲ್ಲಿ ಮೊದಲು ನಿಂತಿದ್ದವರ ಮುಖ ನನಗೆ ನೆನಪಿದೆ. ರಸ್ತೆಯ ಆಚೆ ಬದಿಯಲ್ಲಿ ನಡೆದರೂ ಬೂಟಿನ ಸದ್ದು ಮಾಡಿ ಬೆದರಿಸುತ್ತಿದ್ದರು. ಈಗ ಅದೇ ಜಾಗದಲ್ಲಿ ಒಬ್ಬಳು ನನ್ನನ್ನು ಖಾಲಾ ಅಂತ, ಸ್ವಂತ ಚಿಕ್ಕಮ್ಮನ ಹಾಗೆ, ಕರೆದು ಎಲ್ಲಿ ಹೂಳಬೇಕು ಅಂತ ಹೇಳಿಕೊಡುತ್ತಾಳೆ. ಸಿಟ್ಟನ್ನು ಬಿಗಿಯಾಗಿ ಕಟ್ಟಿ ತಂದಿದ್ದೆ. ಅದರ ಒಂದು ಗಂಟು ಅಲ್ಲೇ ಸಡಿಲವಾಯಿತು.

ಒಳಗೆ ತಂಪು, ನೂರಿ. ಹೊರಗೆ ಮಾರ್ಚಿನಲ್ಲೇ ಬಿಸಿಲು ಬಡಿಯುತ್ತಿದೆ, ಒಳಗೆ ಹೂಜಿಯೊಳಗೆ ಇಳಿದ ಹಾಗೆ. ಮೇಲೆ ನೋಡಿದೆ. ಛಾವಣಿ ತುಂಬ ಗಾರೆಯ ಹೂವು, ಬಳ್ಳಿ, ನಕ್ಷತ್ರ. ಚೆಂದವಿತ್ತು. ಚೆಂದವಾಗಿರಬಾರದಿತ್ತು. ಅದನ್ನು ಕೆತ್ತಿದವರೂ ನಮ್ಮ ಹಾಗೆ ಮನೆಯಲ್ಲಿ ಮಕ್ಕಳನ್ನು ಬಿಟ್ಟು ಬಂದವರೇ ಇರಬೇಕು ಅನ್ನಿಸಿತು. ಉಗುಳಬೇಕು ಅಂತ ಬಾಯಿ ಕೂಡಿಸಿದೆ. ಬಾಯಿ ಒಣಗಿತ್ತು. ಅಷ್ಟರಲ್ಲಿ ಒಬ್ಬಳು ಒದ್ದೆ ಬಟ್ಟೆ ಹಿಡಿದು ನಮ್ಮ ಹಿಂದೆಯೇ ನೆಲ ಒರೆಸುತ್ತ ಬಂದಳು. ಅವಳ ಬೆನ್ನು ನೋಡಿ ಉಗುಳುವುದು ಹೇಗೆ? ನುಂಗಿದೆ.

ಗಾಜಿನ ಪೆಟ್ಟಿಗೆಗಳಲ್ಲಿ ಗಡಿಗೆ, ಮಣಿ, ನಾಣ್ಯ, ಮೂಗು ಮುರಿದ ಬೊಂಬೆ. ಇಖ್ಲಾಸ್ ಪ್ರತಿಯೊಂದರ ಮುಂದೆ ನಿಂತು ಪಾಠ ಮಾಡಿದಳು. ಇದು ಸುಮೇರಿನದು, ಇದು ಬಾಬೆಲಿನದು, ನಮ್ಮ ನಾಗರಿಕತೆ, ನಮ್ಮ ಹೆಮ್ಮೆ. ಮಂಡಿ ನೋಯುತ್ತಿತ್ತು, ಹೆಮ್ಮೆಪಡಲು ಕೂರುವ ಜಾಗ ಎಲ್ಲಿದೆ ಅಂದೆ. ಲೈಥ್ ನಕ್ಕು ಒಂದು ಬೆಂಚಿಗೆ ಕೂರಿಸಿದ. ನನ್ನ ಎದುರಿಗಿದ್ದ ಪೆಟ್ಟಿಗೆಯಲ್ಲಿ ಒಂದು ಇಟ್ಟಿಗೆ. ಇಟ್ಟಿಗೆ ನೋಡಲು ಟಿಕೆಟ್ಟು ಕೊಡಬೇಕಾ ಅಂದುಕೊಂಡೆ. ಆಮೇಲೆ ಕಂಡಿತು. ಅದರ ಮೇಲೆ ಮಗುವಿನ ಹೆಜ್ಜೆ. ಹಸಿ ಮಣ್ಣಿದ್ದಾಗ ಯಾವುದೋ ಮಗು ಓಡಿ ತುಳಿದಿದೆ. ಐದು ಬೆರಳು, ಹಿಮ್ಮಡಿ, ಎಲ್ಲ ಇದೆ. ತುಳಿದ ಮೇಲೆ ಅದರ ತಾಯಿ ಬೆನ್ನಿಗೆ ಎರಡು ಬಿಟ್ಟಿರಬೇಕು.

ಅಲ್ಲೊಬ್ಬ ಹುಡುಗ ಕತ್ತಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ನಿಂತಿದ್ದ, ಮ್ಯೂಸಿಯಂನವನು. ಇದು ಯಾರ ಮಗು ಅಂತ ಕೇಳಿದೆ. ಗೊತ್ತಿಲ್ಲ ಹಜ್ಜಿಯಾ, ಸಾವಿರಾರು ವರ್ಷ ಆಯಿತು ಅಂದ. ಇಟ್ಟಿಗೆ ಎಲ್ಲಿ ಸಿಕ್ಕಿತು ಅಂದೆ. ಅದನ್ನು ಮಾತ್ರ ಪಟಪಟ ಹೇಳಿದ, ಯಾವ ದಿಬ್ಬ, ಯಾವ ಗೋಡೆ, ಎಷ್ಟು ಆಳ. ಅದಕ್ಕೂ ನನಗೆ ಸಿಟ್ಟು ಬಂತು. ಯಾಕೆ ಅಂತ ಅವನಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಗಡಸಾಗಿ, ಅವನು ಮಲಗುತ್ತಿದ್ದ ಕೋಣೆ ತೋರಿಸು ಅಂದೆ. ಯಾರು ಅಂತ ಹುಡುಗ ಕೇಳಲಿಲ್ಲ, ಅರ್ಥವಾಯಿತು.

‘ಅವರು ಇಲ್ಲಿ ಮಲಗಲೇ ಇಲ್ಲ ಹಜ್ಜಿಯಾ. ಒಂದು ರಾತ್ರಿನೂ ಉಳೀಲಿಲ್ಲ ಅಂತ ಎಲ್ಲರೂ ಹೇಳ್ತಾರೆ’ ಅಂದ.

ನಾನು ಇನ್ನೊಮ್ಮೆ ಕೇಳಿದೆ. ಇನ್ನೊಮ್ಮೆ ಅದನ್ನೇ ಹೇಳಿದ. ಬರುತ್ತಾರೆ ಅಂತ ಹಾಸಿಗೆ ಹಾಸುತ್ತಿದ್ದರಂತೆ, ಅಡುಗೆ ಮಾಡುತ್ತಿದ್ದರಂತೆ, ಬರುತ್ತಿರಲಿಲ್ಲವಂತೆ.

ನೂರಿ, ಇದು ನನಗೆ ಇನ್ನೂ ಜೀರ್ಣವಾಗಿಲ್ಲ. ಇಷ್ಟು ವರ್ಷ ನಾನು ಆ ಮನುಷ್ಯನನ್ನು ಅಲ್ಲಿ ಮಲಗಿಸಿ ಬೈದಿದ್ದೇನೆ. ನಮ್ಮ ತೋಟದ ಮೇಲೆ ಮಲಗಿದ್ದೀಯಲ್ಲ, ನನ್ನ ಮಗನ ಹೊಕ್ಕುಳದ ಮೇಲೆ ಮಂಚ ಹಾಕಿದ್ದೀಯಲ್ಲ, ನಿನಗೆ ನಿದ್ದೆ ಹತ್ತದಿರಲಿ ಅಂತ ಪ್ರತಿ ರಾತ್ರಿ ಶಾಪ ಹಾಕಿ ಮಲಗಿದ್ದೇನೆ. ಅಲ್ಲಿ ಯಾರೂ ಇರಲಿಲ್ಲವಂತೆ. ಖಾಲಿ ಮಂಚಕ್ಕೆ ಬೈದಿದ್ದೇನೆ. ಯಾರೂ ಮಲಗದ ಮನೆಗೆ ಅಪ್ಪನ ಅಷ್ಟೂ ಮರ ಕಡಿದರು. ಇದ್ದಿದ್ದರೆ ಸಿಟ್ಟು, ಇರಲಿಲ್ಲ ಅಂದರೆ ಇನ್ನೂ ಸಿಟ್ಟು. ಆದರೆ ಯಾರ ಮೇಲೆ? ನೆಲ ಒರೆಸುವವಳ ಮೇಲಾ, ಇಟ್ಟಿಗೆ ಕಾಯುವ ಹುಡುಗನ ಮೇಲಾ? ಬಾಗಿಲಲ್ಲಿ ಶಾಲೆಯ ಮಕ್ಕಳ ಗುಂಪೊಂದು ಬಂತು. ಆ ಪಡಸಾಲೆಯಲ್ಲಿ ಕೂಗಿದರೆ ಸದ್ದು ಮರಳಿ ಬರುತ್ತದೆ ಅಂತ ಕಂಡುಹಿಡಿದು ಎಲ್ಲವೂ ಕೂಗಿದವು. ಅವರ ಟೀಚರು ಬೈದಳು. ನನಗೆ ನಗು ಬಂತು. ಆ ಮನೆಯಲ್ಲಿ ನಾನು ನಕ್ಕೆ. ಇದನ್ನು ನಾನು ಎಲ್ಲಿಗೆ ಸೇರಿಸಲಿ ಹೇಳು.

ಆಮೇಲೆ ತೋಟಕ್ಕೆ ಹೋದೆವು. ಹೂಳುವಾಗ ಒಬ್ಬಳೇ ಇರಬೇಕು ಅಂತ ಇಖ್ಲಾಸ್‌ಳ ಕಾನೂನನ್ನು ನಾನೇ ಮುಂದುವರಿಸಿ, ಮೂವರನ್ನೂ ನೀರಿನ ಬದಿಯ ಕಟ್ಟೆಯ ಮೇಲೆ ಚಹಾ ಕುಡಿಯಲು ಕೂರಿಸಿದೆ. ಕೋಲೂರಿಕೊಂಡು ನಡೆದೆ.

ನಿನಗೆ ಚಿತ್ರದಲ್ಲಿ ಚೆಂದ ಕಂಡಿರಬಹುದು. ನನಗೆ ದಿಕ್ಕೇ ತಿಳಿಯಲಿಲ್ಲ. ಕಾಲುವೆ ಇಲ್ಲ. ದಾಳಿಂಬೆಯ ಸಾಲಿಲ್ಲ. ಅಮ್ಮನ ರೊಟ್ಟಿಯ ಒಲೆ ಇದ್ದ ಕಡೆ, ಅಂದರೆ ಅಲ್ಲಿತ್ತು ಅಂತ ನಾನು ಅಂದುಕೊಂಡ ಕಡೆ, ಹುಲ್ಲುಹಾಸು. ನಾನು ಕಣ್ಣು ಮುಚ್ಚಿ ನಡೆದರೂ ದಾರಿ ತಪ್ಪದಿದ್ದ ತೋಟ. ಕಣ್ಣು ಬಿಟ್ಟು ತಪ್ಪಿದೆ. ನದಿ ಒಂದು ಮಾತ್ರ ತನ್ನ ಜಾಗದಲ್ಲಿತ್ತು. ಅದರ ಕಡೆ ಮುಖ ಮಾಡಿ, ಎಡಗೈಗೆ ಮನೆ, ಬಲಗೈಗೆ ಕಾಲುವೆ ಅಂತ ಹುಡುಕುತ್ತ ಹೋದೆ. ಆಗ ಕಂಡಿತು, ಬಾಗಿದ ಖರ್ಜೂರದ ಮರ.

ಅದೇ ನೂರಿ, ಇದೊಂದನ್ನು ಕಡಿಯದೆ ಬಿಟ್ಟಿದ್ದಾರೆ. ಮಂಡಿಯೂರಿ ಏಳಲು ಹೊರಟ ಒಂಟೆಯ ಹಾಗೆ ಬುಡದಲ್ಲಿ ಬಾಗಿ ಮೇಲೆ ನೆಟ್ಟಗೆ. ಹೋಗಿ ಅದರ ಮೈ ಮುಟ್ಟಿದೆ. ಬಿಸಿಯಾಗಿತ್ತು. ಕಷ್ಟಪಟ್ಟು ಕೂತೆ. ಇಷ್ಟು ವರ್ಷ ಆದ ಮೇಲೆ, ಬಂದೆ ಮಗನೇ ಅಂದೆ. ಇನ್ನೂ ಏನೇನೋ ಅಂದೆ. ಕರವಸ್ತ್ರ ತೆಗೆದು, ಚೀಲದಲ್ಲಿ ತಂದಿದ್ದ ಚಮಚದಿಂದ ಮಣ್ಣು ಕೆರೆಯಲು ಶುರುಮಾಡಿದೆ.

ಹಿಂದಿನಿಂದ ಯಾರೋ, ‘ಹಜ್ಜಿಯಾ, ಅಲ್ಲಿ ಜಾಗ ಇಲ್ಲ. ಹೋದ ವಾರ ಅವಳಿ ಮಕ್ಕಳದ್ದು ಹೂತಿದ್ದಾರೆ’ ಅಂದರು.

ತೋಟದ ಮಾಲಿ. ಜಾಸಿಬ್ ಅಂತ ಹೆಸರು, ನನ್ನ ವಯಸ್ಸಿನವನು, ಬಾಯಲ್ಲಿ ಹಲ್ಲಿಲ್ಲ, ಹೆಗಲ ಮೇಲೆ ಹಗ್ಗ. ಗಂಡುಮರದ ಹೂವನ್ನು ಹೆಣ್ಣುಮರಕ್ಕೆ ಕಟ್ಟುವ ಕಾಲ ಇದು, ಅದಕ್ಕೇ ಹತ್ತಿ ಇಳಿಯುತ್ತಿದ್ದ. ಗುದ್ದಲಿ ಹಾಕಿದ ಕಡೆಯೆಲ್ಲ ಕರವಸ್ತ್ರ ಬರುತ್ತದೆ ಅಂತ ಗೊಣಗಿದ. ಬಸ್ರಾದ ಅರ್ಧ ಮಕ್ಕಳು ಇಲ್ಲಿ ಡೈರೆಕ್ಟರಾಗಲು ಕಾದಿದ್ದಾರೆ, ಗಿಡಕ್ಕೆ ನೀರು ಹಾಕುವವನಾಗಲು ಒಬ್ಬನೂ ಇಲ್ಲ ಅಂದ. ನನಗೆ ಜಗಳಕ್ಕೆ ಒಬ್ಬ ಸಿಕ್ಕಿದ್ದು ಒಳ್ಳೆಯದೇ ಆಯಿತು. ಇದು ನನ್ನ ಅಪ್ಪನ ಮರ, ನೀನು ಯಾರು ನನಗೆ ಜಾಗ ಇಲ್ಲ ಅನ್ನಲು ಅಂದೆ.

ಅವನು ಮರ ನೋಡಿದ, ನನ್ನನ್ನು ನೋಡಿದ. ಹಗ್ಗ ಕೆಳಗಿಟ್ಟು ಎದುರಿಗೆ ಕುಕ್ಕರಗಾಲಲ್ಲಿ ಕೂತ.

‘ಯಾರ ಅಪ್ಪನ ಮರ? ಇದು ಲಾರಿಯಲ್ಲಿ ಬಂತು ತಾಯಿ. ಅರಮನೆ ಕಟ್ಟಿದ ಮೇಲೆ, ಬೆಳೆದ ಮರಗಳನ್ನೇ ಎಲ್ಲಿಂದಲೋ ಬೇರು ಸಮೇತ ಕಿತ್ತು ತಂದರು. ಇಳಿಸೋವಾಗ ಹಗ್ಗ ಹಿಡಿದವನು ನಾನು. ನೆಟ್ಟಗೇ ಇತ್ತು. ನೆಟ್ಟವರು ಸರಿಯಾಗಿ ನೆಡಲಿಲ್ಲ, ಬಾಗಿತು’ ಅಂದ.

ಹಾಗಾದರೆ ಇಲ್ಲಿದ್ದ ತೋಟ ಅಂತ ಕೇಳಿದೆ. ಅವನು ಕೈಯಿಂದ ನೆಲ ತಟ್ಟಿದ. ಕಡಿದ ಬೊಡ್ಡೆಗಳ ಮೇಲೆ ಕಲ್ಲುಚೂರು ಸುರಿದರು, ಅದರ ಮೇಲೆ ಮರಳು, ಅದರ ಮೇಲೆ ಬೇರೆ ಕಡೆಯ ಮಣ್ಣು. ಆಳು ಎತ್ತರಕ್ಕೆ ನೆಲ ಏರಿಸಿದರು. ನೀವು ನಿಮ್ಮ ತೋಟದ ಮೇಲೇ ಇದ್ದೀರಿ, ಆದರೆ ಅದು ತುಂಬಾ ಕೆಳಗಿದೆ ಅಂದ. ಬೇಸರದಿಂದಲೇ ಹೇಳಿದ, ಪಾಪ. ನಾನು ಆ ಬಾಗಿದ ಮರಕ್ಕೆ ಮಗನೇ ಅಂದದ್ದು ಅವನ ಕಿವಿಗೆ ಬಿದ್ದಿತ್ತೇನೋ.

ಅಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂತೆ. ಜಾಸಿಬ್ ಜೊತೆ ನಾಲ್ಕು ಮಾತಾಡಿದೆ. ನನ್ನನ್ನು ಎಬ್ಬಿಸಲು ಅವನು ಕೆಳಗಿಟ್ಟಿದ್ದ ಹಗ್ಗವನ್ನೇ ಕೈಗೆ ಕೊಟ್ಟ, ಮರ ಹತ್ತುವವರ ಹಾಗೆ ಹಿಡಿದುಕೊಂಡು ಎದ್ದೆ. ಕಟ್ಟೆಯ ಹತ್ತಿರ ಹೋಗಿ, ಎಲ್ಲ ಆಯಿತು ಅಂದೆ. ಇನ್‌ಆಮ್ ನನ್ನ ಕೈಯ ಮಣ್ಣು ನೋಡಿ ಅತ್ತಳು, ಆ ಕೈಗೇ ಮುತ್ತು ಕೊಟ್ಟಳು. ಇಖ್ಲಾಸ್ ಮಗುವಿನ ಮುಂದಿನ ಐವತ್ತು ವರ್ಷವನ್ನು ಅಲ್ಲೇ ಹಂಚಿ ಮುಗಿಸಿದಳು. ಲೈಥ್ ದಾರಿಯಲ್ಲಿ ಮೀನು ಸುಡುವವನ ಹತ್ತಿರ ಕಾರು ನಿಲ್ಲಿಸಿದ. ಎಲ್ಲರೂ ಬೆರಳು ನೆಕ್ಕಿ ತಿಂದರು. ಬೀಬಿ ಇವತ್ತು ಯಾರಿಗೂ ಬೈದಿಲ್ಲ, ಹುಷಾರಿದ್ದಾರಾ ಅಂತ ಕೇಳಿದ. ಅದಕ್ಕೆ ಬೈದೆ.

ಮ್ಯೂಸಿಯಂ ಹೇಗಿದೆ ಅಂತ ಕೇಳಿದ್ದೆಯಲ್ಲ, ಇಷ್ಟೇ ನನಗೆ ಗೊತ್ತಾದದ್ದು. ಚೆನ್ನಾಗಿದೆ. ಚೆನ್ನಾಗಿಲ್ಲ. ಜನ ಒಳ್ಳೆಯವರು. ಅಲ್ಲಿಂದ ಬಂದ ಮೇಲೆ ಯಾರನ್ನು ಬೈದು ಮಲಗಬೇಕು ಅಂತ ತಿಳಿಯದೆ ನಿದ್ದೆ ಬರುತ್ತಿಲ್ಲ.

ನಿನ್ನ ಗಂಡನಿಗೆ ಸಲಾಂ ಹೇಳು. ಮಕ್ಕಳ ಹಣೆಗೆ ನನ್ನ ಪರವಾಗಿ ಮುತ್ತು ಕೊಡು, ಅವಕ್ಕೆ ನಮ್ಮ ಮಾತು ಮರೆಯದಂತೆ ನೋಡಿಕೋ. ಹಿಮದಲ್ಲಿ ಜಾರಬೇಡ. ದೇವರು ನಿನ್ನ ಕಿವಿಗೂ ನನ್ನ ಮಂಡಿಗೂ ದಾರಿ ತೋರಿಸಲಿ, ಸಾಯುವ ಮೊದಲು ನಾವಿಬ್ಬರೂ ಒಂದೇ ಕೆಟಲಿನ ಒಣನಿಂಬೆ ಚಹಾ ಕುಡಿಯುವಂತೆ ಮಾಡಲಿ. ಒಣನಿಂಬೆ ಒಂದು ಪೊಟ್ಟಣ ಕಳಿಸಿದ್ದೇನೆ.

ನಿನ್ನ ಅಕ್ಕ,
ಸಬ್ರಿಯಾ, ಜವಾದನ ತಾಯಿ

ಕಾಗದ ಅಂಟಿಸಿಯಾಗಿತ್ತು, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ.

ನಾನು ಹೂಳಲಿಲ್ಲ ನೂರಿ. ಯಹ್ಯಾನ ಹೊಕ್ಕುಳ ನನ್ನ ಹತ್ತಿರವೇ ಇದೆ, ನಿನ್ನ ಹಳೆಯ ಕಾಗದದ ಜೊತೆ ಅಕ್ಕಿ ಡಬ್ಬದ ಅಡಿಯಲ್ಲಿ. ಕೈಗೆ ಮಣ್ಣು ಮೆತ್ತಿತ್ತು, ಅಷ್ಟೇ. ಮಣ್ಣು ನೋಡಿ ಎಲ್ಲರೂ ನಂಬಿದರು.

ಸಿಟ್ಟಿಗೆ ನಾನು ಅಲ್ಲಿಗೆ ಹೋಗುತ್ತಿರಲಿಲ್ಲ ಅಂತ ನೀವೆಲ್ಲ ತಿಳಿದಿದ್ದೀರಿ. ನಾನೂ ಹಾಗೇ ಹೇಳುತ್ತಿದ್ದೆ. ಅದಲ್ಲ. ಗೋಡೆ ಇದ್ದಷ್ಟು ದಿನ ನನಗೆ ಸುಲಭವಿತ್ತು. ಜವಾದ್ ಯಾಕೆ ಬರಲಿಲ್ಲ ಅಂತ ಎದೆ ಕೇಳಿದರೆ, ಹೇಗೆ ಬರುತ್ತಾನೆ, ಅವನ ಹೊಕ್ಕುಳ ಇರುವ ಜಾಗದ ಸುತ್ತ ಗೋಡೆ ಇದೆ, ಬಂದೂಕು ಹಿಡಿದವರು ಇದ್ದಾರೆ, ಗೋಡೆ ಹೋದ ದಿನ ಬರುತ್ತಾನೆ ಅಂತ ನಾನೇ ಉತ್ತರ ಕೊಡುತ್ತಿದ್ದೆ. ಅದಕ್ಕೇ ಇಷ್ಟು ವರ್ಷ ಸಾವಿನ ಪ್ರಾರ್ಥನೆ ಓದಿಸಲು ಯಾರಿಗೂ ಬಿಡಲಿಲ್ಲ. ಈಗ ಗೇಟು ತೆರೆದಿದೆ. ಟಿಕೆಟ್ಟು ಕೊಂಡರೆ ಯಾರು ಬೇಕಾದರೂ ಹೋಗಬಹುದು. ಕಾವಲಿನ ಹುಡುಗಿ ಖಾಲಾ ಅನ್ನುತ್ತಾಳೆ. ಅವನಿಗೆ ಇನ್ನೇನು ಅಡ್ಡಿ?

ಜಾಸಿಬ್ ಹತ್ತಿರ ನಾಲ್ಕು ಮಾತಾಡಿದೆ ಅಂತ ಮೇಲೆ ಬರೆದೆ. ಕೇಳಿದ್ದು ಇದು. ಗೇಟು ತೆರೆದ ಮೇಲೆ ಒಬ್ಬ ಹುಡುಗ ಬಂದು ಕಾಲುವೆ ಎಲ್ಲಿತ್ತು, ಬಾಗಿದ ಮರ ಎಲ್ಲಿತ್ತು ಅಂತ ವಿಚಾರಿಸಿದ್ದಾನಾ ಅಂದೆ. ಹೇಗಿದ್ದಾನೆ ಅಂದ. ತೆಳ್ಳಗೆ, ಈಗ ತಾನೇ ಮೀಸೆ ಬಂದಿದೆ, ಎಡ ಹುಬ್ಬಿನ ಮೇಲೆ ಸಣ್ಣ ಗಾಯ ಅಂದೆ. ಯಾವಾಗ ಕಾಣೆಯಾದ ಅಂದ. ಹೇಳಿದೆ. ಅವನು ಬೆರಳು ಮಡಚಿ ವರ್ಷ ಎಣಿಸಿದ. ಆಮೇಲೆ ಮೆಲ್ಲಗೆ, ‘ಈಗ ಅವನ ಗಡ್ಡ ನೆರೆತಿರುತ್ತೆ ಹಜ್ಜಿಯಾ’ ಅಂದ.

ಒಂದು ದಿನವೂ ನಾನು ಹಾಗೆ ಯೋಚಿಸಿರಲಿಲ್ಲ.

ಈಗ ನಿನ್ನನ್ನು ಒಂದು ಕೇಳುತ್ತೇನೆ. ಆ ಸಂಜೆ ಅಮ್ಮ ನಿನ್ನ ಕೈಗೆ ಬಟ್ಟೆಯ ಗಂಟು ಕೊಟ್ಟಳಲ್ಲ. ನೀನು ನಾಯಿಗೆ ಸಾಯುವಷ್ಟು ಹೆದರುತ್ತಿದ್ದೆ. ಕಾಲುವೆಯ ತಿರುವಿನಲ್ಲಿ ಯಾವಾಗಲೂ ನಾಯಿ ಇರುತ್ತಿದ್ದವು. ಅಪ್ಪನ ಬುತ್ತಿಯನ್ನು ದಾರಿಯಲ್ಲಿ ಕೂತು ತಿಂದು, ನಾಯಿ ಕಿತ್ತುಕೊಂಡಿತು ಅಂತ ಅಳುತ್ತ ಬಂದವಳು ನೀನು. ಹುಟ್ಟಾ ಸುಳ್ಳುಗಾತಿ. ಕೈಗೆ ಮಣ್ಣು ಮೆತ್ತಿಕೊಂಡು ಬರುವುದು ಎಷ್ಟು ಸುಲಭ ಅಂತ ಹೋದ ಗುರುವಾರ ನನಗೂ ಗೊತ್ತಾಯಿತು.

ನಿಜ ಹೇಳು, ನೀನು ಆ ಮರದ ತನಕ ಹೋದೆಯಾ? ಇಲ್ಲ, ದಾರಿಯಲ್ಲಿ ಎಲ್ಲಾದರೂ ಹೂತು ಬಂದೆಯಾ? ಎಸೆದಿದ್ದರೂ ಪರವಾಗಿಲ್ಲ. ಎಲ್ಲಿ ಅಂತ ಮಾತ್ರ ಬರೆ. ಅಲ್ಲಿಗೆ ಹೋಗಿ ಯಹ್ಯಾನದ್ದನ್ನೂ ಪಕ್ಕದಲ್ಲಿ ಇಟ್ಟು ಬರುತ್ತೇನೆ. ಜವಾದ್ ಇಷ್ಟು ವರ್ಷ ಅಲ್ಲಿಗೆ ಬಂದು, ಯಾರನ್ನೂ ಕಾಣದೆ, ಮತ್ತೆ ಮತ್ತೆ ವಾಪಸು ಹೋಗುತ್ತಿರಬಹುದು.

ನಾನು ಬೈಯುವುದಿಲ್ಲ, ನೂರಿ. ಬರೆ.